ಎತ್ತಿದ ಮುಂಗಾಲು

ಅಂದು ದರ್ಜಿಯ ಹೆಂಡತಿ ಚಹಾ ಹಿಡಿದು ಅಂಗಡಿಗೆ ಬಂದಾಗ, ನಾಯಿ ಹೊಲಿಗೆ ಯಂತ್ರದ ಮುಂದೆ ಕಲ್ಲಿನಂತೆ ನಿಂತಿತ್ತು. ಒಂದು ಮುಂಗಾಲನ್ನು ಎತ್ತಿ ಹಿಡಿದು, ಮೂಗನ್ನು ಮುಂದಕ್ಕೆ ಚಾಚಿತ್ತು. ಬೇಟೆಯ ವಾಸನೆ ಸಿಕ್ಕಾಗ ಈ ಜಾತಿಯ ನಾಯಿ ಹಾಗೆ ನಿಲ್ಲುತ್ತದೆಂದು ಗಂಡ ಹೇಳಿದ್ದುಂಟು. ಆಕೆ ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಬೆಳಗ್ಗೆ ಮೈದಾನದಲ್ಲಿ ಸಾಕೆನಿಸುವಷ್ಟು ಓಡಿಸದಿದ್ದರೆ ಅದು ಗಿರಾಕಿಗಳ ಬಟ್ಟೆಯನ್ನೇ ಹರಿದುಹಾಕುತ್ತಿತ್ತು. ಹಾಗಾಗಿ ಈ ವಯಸ್ಸಿನಲ್ಲೂ ಗಂಡ ದಿನವೂ ಅದರ ಹಿಂದೆ ಓಡುತ್ತಿದ್ದ.

“ಏನ್ರೀ, ನಿಮ್ಮ ಸುಂಟರಗಾಳಿಗೆ ಇಲಿ ಸಿಕ್ಕ ಹಾಗಿದೆ! ಅಂತೂ ತಿಂದಿದ್ದಕ್ಕೆ ಒಂದು ಕೆಲಸ ಮಾಡ್ತು ನೋಡಿ,” ಎಂದು ಆಕೆ ನಕ್ಕಳು.

ಅರ್ಧ ಹೊಲಿದ ಕೋಟಿನ ಮೇಲೆ ತಲೆಯಿಟ್ಟಿದ್ದ ದರ್ಜಿ ಮಾತಾಡಲಿಲ್ಲ. ಜೊಂಪು ಹತ್ತಿರಬೇಕೆಂದು ಆಕೆ ಸದ್ದಿಲ್ಲದೆ ಪೊರಕೆ ತಂದು, ಯಂತ್ರದ ಕೆಳಗೆ ಬಗ್ಗಿ ನೋಡಿದಳು. ಇಲಿ ಇರಲಿಲ್ಲ. ಗಂಡನ ಪಾದ ಪೆಡಲಿನಿಂದ ಜಾರಿ, ಚಪ್ಪಲಿ ಕಳಚಿ, ಪಕ್ಕಕ್ಕೆ ವಾಲಿತ್ತು. “ರೀ...” ಎಂದು ಮುಟ್ಟಿದಳು. ಪಾದ ತಣ್ಣಗಿತ್ತು. ಕೈಯಿಂದ ಪೊರಕೆ ಬಿತ್ತು. ಸೂಜಿ ಬಿದ್ದರೂ ಬೆಚ್ಚಿ ಹಾರುತ್ತಿದ್ದ ನಾಯಿ ತಿರುಗಿ ನೋಡಲಿಲ್ಲ. ಅದು ತೋರಿಸುತ್ತಿದ್ದುದು ಅವನನ್ನೇ.

ಆಕೆ ನೆಲದ ಮೇಲೆ ಕುಸಿದು ಕುಳಿತು, ನಡುಗುತ್ತಿದ್ದ ಆ ಮುಂಗಾಲನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. “ಸಾಕಪ್ಪ. ನನಗೆ ಗೊತ್ತಾಯ್ತು.”

ಆಮೇಲೆ ಕಣ್ಣು ಮುಚ್ಚಿದಳು. “ದೇವರೇ, ಇದರ ಹಿಂದೆ ಓಡಿ ಓಡಿ ದಣಿದಿದ್ದಾರೆ. ನಿನ್ನ ಹತ್ತಿರ ನೆಮ್ಮದಿಯಾಗಿ ಮಲಗಲಿ.”