ರೈಲು ಪಾರ್ಕಿನಲ್ಲಿ ನೀಲವ್ವ ಕೇಳಿದ ಪ್ರಶ್ನೆ

ಮಂಗಲಾ ನನ್ನ ಜೊತೆ ಕೆಲಸ ಮಾಡುವವಳು. ಇದು ಅವಳ ತಾಯಿ ನೀಲವ್ವನಿಗೆ ಆದದ್ದು... ಕೇಳಿದಾಗಿನಿಂದ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಹುಬ್ಬಳ್ಳಿ ಕಡೆಯ ಅವರ ಊರಿನಲ್ಲಿ, ರೈಲು ನಿಂತುಹೋದ ಹಳೆಯ ಲೈನನ್ನು ಈಗ ಪಾರ್ಕ್ ಮಾಡಿದ್ದಾರೆ. ಉದ್ದಕ್ಕೂ ವಾಕಿಂಗ್ ದಾರಿ... ಪಕ್ಕದಲ್ಲಿ ಹಳಿಗಳನ್ನು ಹಾಗೇ ಬಿಟ್ಟು, ನಡುವೆ ಹೂಗಿಡ ಬೆಳೆಸಿದ್ದಾರೆ.

ಊರೆಲ್ಲ ಅಲ್ಲಿ ಓಡಾಡಿದರೂ ನೀಲವ್ವ ಮಾತ್ರ ಒಳಗೆ ಕಾಲಿಟ್ಟಿರಲಿಲ್ಲ.

ಮಂಗಲಾ ಚಿಕ್ಕವಳಿದ್ದಾಗ, ಅದೇ ಹಳಿಯ ಮೇಲೆ ಅವಳ ತಂದೆ ಈರಪ್ಪ ರೈಲಿಗೆ ಸಿಕ್ಕು ಸತ್ತಿದ್ದರು.

ಆ ದಿನ ಬೆಳಗ್ಗೆ ಮನೆಯಲ್ಲಿ ಜಗಳವಾಗಿತ್ತು. ಸಿಟ್ಟಿನಲ್ಲಿ ನೀಲವ್ವ "ಹೋಗ್ರಿ... ತಿರುಗಿ ಬರಬ್ಯಾಡ್ರಿ" ಅಂದಿದ್ದರು.

"ಹೆಂಡ್ತಿ ಮಾತಿಗೆ ಬ್ಯಾಸತ್ತು ರೈಲಿಗೆ ಬಿದ್ದಾನ" ಎಂದು ಓಣಿಯೆಲ್ಲ ಆಡಿಕೊಂಡಿತು. ಶಾಲೆಯಲ್ಲಿ ಮಂಗಲಾಳಿಗೂ ಅದನ್ನೇ ಹೇಳಿ ಅಳಿಸಿದರು.

ನೀಲವ್ವ ಯಾರಿಗೂ ಎದುರು ಮಾತಾಡಲಿಲ್ಲ. ಒಳಗೊಳಗೇ ಅವರೂ ಅದನ್ನೇ ನಂಬಿದ್ದರು...

ಈಗ ಅವರಿಗೆ ಶುಗರ್. ದಿನಾ ನಡೆಯಲೇಬೇಕು ಅಂದರು ಡಾಕ್ಟರ್. ಮನೆ ಮುಂದಿನ ರಸ್ತೆಯಲ್ಲಿ ಬರೀ ಲಾರಿಗಳು. ಕೊನೆಗೆ ಮಂಗಲಾ ಒತ್ತಾಯ ಮಾಡಿ ಪಾರ್ಕಿಗೆ ಕರೆತಂದಳು.

ನೀಲವ್ವ ಹಳಿಯ ಕಡೆ ಕತ್ತೆತ್ತದೆ, ನೆಲ ನೋಡಿಕೊಂಡೇ ನಡೆದರು.

ಒಂದು ಬೆಂಚಿನ ಮೇಲೆ ತಲೆ ನರೆತ ಒಬ್ಬರು ಕೂತು, ಗೆಳೆಯರ ಜೊತೆ ಮಾತಾಡುತ್ತಿದ್ದರು.

"ಇದ ಲೈನ್ ಮ್ಯಾಲ ಇಂಜಿನ್ ಓಡಸೀನ್ರೀ ನಾನು..."

ನೀಲವ್ವ ಗಕ್ಕನೆ ನಿಂತರು.

"ನಡಿ ಅವ್ವಾ, ಹೋಗೂಣು" ಎಂದು ಮಂಗಲಾ ಎಳೆದಳು.

ನೀಲವ್ವ ಕೈ ಬಿಡಿಸಿಕೊಂಡು ಬೆಂಚಿನ ಎದುರು ಹೋದರು.

"ಎಣ್ಣಿ ಮಿಲ್ ಹತ್ರದ ರೈಲ್ವೆ ಗೇಟಿನ್ಯಾಗ ಒಬ್ರು ರೈಲಿಗೆ ಸಿಕ್ಕಿದ್ರು... ಅವರ ಕೈಯಾಗ ಸೈಕಲ್ ಇತ್ತು. ಆ ಗಾಡಿ ಓಡಸಿದವ್ರು ಯಾರು, ಗೊತ್ತೇನ್ರಿ?"

ಆ ಮನುಷ್ಯನ ಮುಖ ಬಿಳಿಚಿಕೊಂಡಿತು.

"ನಾನ ರೀ... ದೇವಸಹಾಯಂ ಅಂತ. ನೀವು?"

"ಅವರ ಹೆಂಡ್ತಿ."

ದೇವಸಹಾಯಂ ಎದ್ದು ನಿಂತು ಕೈ ಮುಗಿದರು.

"ಬೈರಿ ಅಮ್ಮಾ... ಎಷ್ಟು ಬೇಕಾದ್ರೂ ಬೈರಿ. ಬ್ರೇಕ್ ಹಾಕಿದ್ದೆ, ಗಾಡಿ ನಿಲ್ಲಲಿಲ್ಲ..."

"ಬೈಯಾಕ ಬಂದಿಲ್ರೀ. ಒಂದು ಮಾತು ಕೇಳೂದೈತಿ."

"ಬ್ಯಾಡವ್ವಾ..." ಮಂಗಲಾ ಬೇಡಿಕೊಂಡಳು. ಬರುವ ಉತ್ತರವನ್ನು ತಾಯಿ ತಡೆದುಕೊಳ್ಳಲಾರಳು ಎಂದು ಅವಳ ಭಯ.

ಆದರೂ ನೀಲವ್ವ ಕೇಳಿಯೇ ಬಿಟ್ಟರು...

"ಅವರು... ತಾವಾಗೇ ಬಂದು ನಿಂತಿದ್ರೇನ್ರಿ?"

ದೇವಸಹಾಯಂ ಕಣ್ಣರಳಿಸಿ ನೋಡಿದರು. "ಯಾರಂದ್ರು ಹಂಗ?"

"ಊರ ಅಂತೈತಿ."

"ಸುಳ್ಳು ಅಮ್ಮಾ! ಸೈಕಲ್ ನೂಕ್ಕೋಂತ ದಾಟಾಕತ್ತಿದ್ರು. ಹಳಿ ಸಂದಿನ್ಯಾಗ ಕಾಲು ಸಿಕ್ಕೊಂಡಿತ್ತು. ಎರಡೂ ಕೈಲೆ ಕಾಲು ಎಳಕೊಳ್ಳಾಕತ್ತಿದ್ರು... ಬರಲಿಲ್ಲ. ಆಮ್ಯಾಲ ನನ್ನ ಕಡೆ ನೋಡಿ, ನಿಲ್ಲಸು ನಿಲ್ಲಸು ಅಂತ ಕೈ ಬೀಸಿದ್ರು."

ಅವರ ದನಿ ಒಡೆಯಿತು.

"ರೈಲ್ವೆ ವಿಚಾರಣೆದಾಗ ಎಲ್ಲಾ ಹೇಳೇನಿ. ನಿಮಗ ಯಾರೂ ಮುಟ್ಟಿಸಲಿಲ್ಲೇನ್ರಿ? ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದ ಬರ್ತೈತಿ. ನಿಲ್ಲಸು ಅಂದ್ರು... ನನಗ ನಿಲ್ಲಸಾಕ ಆಗಲಿಲ್ಲ."

ನೀಲವ್ವ ಅಲ್ಲೇ ನೆಲಕ್ಕೆ ಕುಸಿದರು. ಗಂಡ ಸತ್ತ ದಿನವೂ ಅಪರಾಧಿಯ ಹಾಗೆ ಬಾಯಿ ಮುಚ್ಚಿಕೊಂಡಿದ್ದವರು, ಅಂದು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತರು...

ಅಳು ಇಳಿದ ಮೇಲೆ ನೀಲವ್ವ ದೇವಸಹಾಯಂ ಅವರ ಎರಡೂ ಕೈ ಹಿಡಿದುಕೊಂಡರು.

"ಅಣ್ಣಾರ, ಆ ಕೈ ನಿಮಗ ಶಿಕ್ಷಾ ಆಗೇತಿ. ನನಗ ಇವತ್ತ ಜೀವಾ ಕೊಟ್ಟೈತ್ರಿ. ಬದುಕಬೇಕು ಅನ್ನಾವ್ರ ಹಂಗ ಕೈ ಬೀಸತಾರ. ನೀವು ಬ್ರೇಕ್ ಹಾಕೀರಿ... ನಿಮ್ಮದೇನೂ ತಪ್ಪಿಲ್ಲ."

ದೇವಸಹಾಯಂ ಮುಖ ಮುಚ್ಚಿಕೊಂಡು ಅತ್ತರು. ಆ ಮಾತನ್ನು ಅವರಿಗೆ ಹೇಳಬೇಕಾದವರು ಇಷ್ಟು ವರ್ಷ ಸಿಕ್ಕೇ ಇರಲಿಲ್ಲ.

ನೀಲವ್ವ ಮಗಳನ್ನು ಹತ್ತಿರ ಎಳೆದುಕೊಂಡರು.

"ಕೇಳಿದೇನ ಮಂಗಲಾ... ನಿಮ್ಮಪ್ಪ ನಮ್ಮನ್ನ ಬ್ಯಾಡ ಅಂದು ಹೋಗಿರಲಿಲ್ಲವ್ವಾ!"

ಮುಂದಿನ ಭಾನುವಾರ ದೇವಸಹಾಯಂ ನೀಲವ್ವನ ಮನೆಗೆ ಊಟಕ್ಕೆ ಬಂದರು. ಈರಪ್ಪನವರ ಫೋಟೋಗೆ ಕೈ ಮುಗಿದೇ ಊಟಕ್ಕೆ ಕೂತರಂತೆ...

ಉತ್ತರಕ್ಕೆ ಹೆದರಿ ಕೇಳದೇ ಉಳಿಸಿಕೊಂಡ ಪ್ರಶ್ನೆ, ಎಂಥ ಉತ್ತರಕ್ಕಿಂತಲೂ ಭಾರ.

ನೀವು ಯಾರನ್ನು, ಏನು ಕೇಳಬೇಕೆಂದುಕೊಂಡೂ ಇಷ್ಟು ದಿನ ಸುಮ್ಮನಿದ್ದೀರಿ?