ಪೈಲಟ್ಟಿನ ಟೋಪಿ

ಗಂಡನ ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ವಾರಿಜಾ ಗುಡಿಸಿದ ಕೋಣೆಯನ್ನೇ ಮೂರನೆಯ ಸಲ ಗುಡಿಸುತ್ತಿದ್ದಳು. ಬಾಗಿಲಿಗೆ ಮೇದಪ್ಪ ಬಂದರು. ಹಳೆಯ ಯುದ್ಧವಿಮಾನವೊಂದನ್ನು ದುರಸ್ತಿ ಮಾಡಿಸಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಬೇಕೆಂದು ಅವಳ ಗಂಡನ ಜೊತೆ ಊರೆಲ್ಲ ಚಂದಾ ಎತ್ತಿದವರು ಅವರು.

“ಆ ಚರ್ಮದ ಟೋಪಿ ಕೊಡಮ್ಮ. ಅವನು ಅದನ್ನ ಹಾಕ್ಕೊಂಡು ನಿಂತ ಮೇಲೇನೇ ಜನ ಜೇಬಿಗೆ ಕೈ ಹಾಕಿದ್ದು. ಇನ್ನು ರೆಕ್ಕೆಗಳ ದುರಸ್ತಿಗಷ್ಟೇ ದುಡ್ಡು ಬಾಕಿ.”

“ಅದು ಎರವಲು ತಂದಿದ್ದು, ಸರ್. ಆ ವಿಮಾನ ಹಾರಿಸ್ತಿದ್ದ ಪೈಲಟ್ ತೀರಿಕೊಂಡ ಮೇಲೆ ಅವರ ಹೆಂಡತಿ ಜೋಪಾನ ಮಾಡಿಟ್ಟಿದ್ದು. ಈ ತಿಂಗಳು ವಾಪಸ್ ಕೊಡ್ತೀನಿ ಅಂದಿದ್ರು ಇವರು.”

“ಆ ಅಜ್ಜಿ ಏನು, ಅದನ್ನ ಹಾಕ್ಕೊಂಡು ಸಂತೆಗೆ ಹೋಗ್ತಾರಾ? ಟೋಪಿ ಇಲ್ಲದೆ ಹೋದ್ರೆ ವಿಮಾನ ಶೆಡ್ಡಲ್ಲೇ ತುಕ್ಕು ಹಿಡಿಯುತ್ತೆ. ನಿನ್ನ ಗಂಡನ ಆಸೆ ಅದು, ನೋಡು.”

ವಾರಿಜಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಟೋಪಿಯನ್ನು ಚೀಲಕ್ಕೆ ಹಾಕಿಕೊಂಡು, ಅವರನ್ನು ದಾಟಿ ಹೊರಗೆ ನಡೆದಳು.

ಅಜ್ಜಿ ತಮ್ಮ ಮನೆ ಬಾಗಿಲಲ್ಲೇ ನಿಂತು ಟೋಪಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅದರೊಳಗೆ ಮುಖವಿಟ್ಟು ಬಹಳ ಹೊತ್ತು ಮೂಸಿದರು.

“ಏನಾದ್ರೂ ಹಾಳಾಗಿದೆಯಾ ಅಜ್ಜಿ?”

“ಅರವತ್ತು ವರ್ಷದಿಂದ ಇದರಲ್ಲಿ ನುಸಿಗುಳಿಗೆ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ, ಮಗಳೇ. ಈಗ ಎಣ್ಣೆ ಹಚ್ಚಿದ ಗಂಡಸಿನ ತಲೆ ವಾಸನೆ ಬರ್ತಿದೆ. ಇದು ನನ್ನದಲ್ಲ, ತಗೋ.”