ನೀರು ಕೇಳಿದ ದೋಣಿ

ಭಾನುವಾರ ಬೆಳಿಗ್ಗೆ ಮೌನೇಶ ಬಾಗಿಲು ತೆಗೆದಾಗ ಅವನ ದೋಣಿ ದೇವರಾಗಿತ್ತು.

ಅಂಗಳದಲ್ಲಿ ಬೋರಲು ಹಾಕಿದ್ದ ದೋಣಿಯ ಬೆನ್ನಿಗೆ ಅರಿಶಿನ, ಮೂತಿಗೆ ಕುಂಕುಮ, ಮೇಲೊಂದು ನಿಂಬೆಹಣ್ಣು. ಗೇಟಿನಾಚೆ ಬೀದಿಯ ಜನ ಚಪ್ಪಲಿ ಬಿಟ್ಟು ನಿಂತಿದ್ದರು. ಅವನು ಕೈ ಚಾಚಿದ್ದೇ ತಡ, ಎದುರುಮನೆಯ ಯಲ್ಲಯ್ಯ ಗದರಿದ: "ಏಯ್, ಮುಟ್ಬೇಡ! ಸ್ನಾನ ಆಗಿದ್ಯಾ?"

ಇದು ಯಲ್ಲಯ್ಯನದೇ ಕಿತಾಪತಿ ಎಂದುಕೊಂಡ ಮೌನೇಶನಿಗೆ ಅಳುವೊಂದೇ ಬಾಕಿ. ಕೈಯಾರೆ ಕಟ್ಟಿದ ಹಾಯಿದೋಣಿಗಳ ಪಂದ್ಯ ಹತ್ತು ಗಂಟೆಗೆ, ಕೆರೆಯಲ್ಲಿ. ಯಾದಗಿರಿಯಿಂದ ಬಂದು ಬೆಂಗಳೂರಿನ ಬಿಟಿಎಮ್ಮಿನಲ್ಲಿ ಬಾಡಿಗೆಗಿದ್ದ ಅವನದು ಅಡುಗೆಮನೆ ಕಪಾಟುಗಳ ನಕ್ಷೆ ಬರೆಯುವ ಕೆಲಸ. ವರ್ಷದ ರಜೆಗಳನ್ನೆಲ್ಲ ಸುರಿದು, ನೀರು ತಡೆಯುವ ಪ್ಲೈವುಡ್ ಕೊಯ್ದು, ತಾಮ್ರದ ತಂತಿಯಲ್ಲಿ ಹೊಲಿದು, ಸಂದುಗಳಿಗೆ ಅಂಟು ತುಂಬಿದ್ದ. ವೇಗಕ್ಕೆಂದು ಹೊಟ್ಟೆ ಚಪ್ಪಟೆ, ಮೂತಿ ಚೂಪು. "ಕಪಾಟು ತೇಲುತ್ತಾ ಗುರು?" ಎಂದು ಆಫೀಸಿನವರು ನಗುತ್ತಿದ್ದರು.

ಮನೆ ಓನರ್ ಮುನಿಯಕ್ಕ ನಗುತ್ತಿರಲಿಲ್ಲ, ಬೈಯುತ್ತಿದ್ದಳು. ಬೈಯುತ್ತಲೇ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರುತ್ತಿದ್ದಳು.

"ನಮ್ಮಪ್ಪಾನೂ ಇದೇ ಕೆರೇಲಿ ತೆಪ್ಪ ಹಾಕ್ತಿದ್ದ. ಹೆಣ್ಮಕ್ಳು ಹತ್ತಂಗಿಲ್ಲ ಅಂತ ಒಂದಿನಾನೂ ಕೂರಿಸ್ಲಿಲ್ಲ. ಇದಕ್ಕೆ ಇಬ್ರು ಯಾಕೋ?"

"ಒಬ್ಬಾಂವ ಚುಕ್ಕಾಣಿ ಹಿಡೀಬೇಕ್ರಿ. ಗಾಳಿಗೆ ದೋಣಿ ವಾಲಿದ್ರ ಇನ್ನೊಬ್ಬಾಂವ ಎದುರ ಬದಿಗೆ ಕುಂತು ಭಾರ ಹಾಕ್ಬೇಕು."

"ಅಷ್ಟೇನಾ? ಅದಕ್ಕೆ ನಿನ್ ರೂಮಿನ ಆ ಕಡ್ಡಿ ನಿಂಗರಾಜ ಯಾಕೆ? ಅಕ್ಕಿಮೂಟೆ ಕೂರ್ಸು."

ವಾರದ ಹಿಂದೆ ತಾಕೀತೂ ಬಂದಿತ್ತು: "ಸೋಮವಾರ ನಮ್ ತಂಗಿ ಮಗಳ ಸೀಮಂತ. ಶಾಮಿಯಾನ ಇಲ್ಲೇ. ಭಾನುವಾರ ಇದು ಹೋಗ್ಲಿಲ್ಲ ಅಂದ್ರೆ ಸೀಳಿ ಹಂಡೆ ಒಲೆಗೆ ಇಕ್ತೀನಿ."

ಹೋಗುವುದು ಹೇಗೆ? ಚರಂಡಿ ಅಗೆದ ಬೀದಿಗೆ ಟೆಂಪೊ ಬರದು. ಹೊರಲು ನಾಲ್ಕು ಜನ ಬೇಕು. ಕೇಳಿದ್ದಕ್ಕೆ ಯಲ್ಲಯ್ಯ, "ನಾಲ್ಕು ಜನ ಹೆಗಲು ಕೊಡೋದು ಒಂದೇ ಸಲ ಮಗಾ, ನಿಂಗಿನ್ನೂ ಟೈಮ್ ಐತೆ" ಎಂದಿದ್ದ. ಸಾಲದ್ದಕ್ಕೆ ಜೊತೆಗೆ ಕೂರಬೇಕಿದ್ದ ರೂಮ್‌ಮೇಟ್ ನಿಂಗರಾಜನೂ ನಿನ್ನೆ ಕೈಕೊಟ್ಟಿದ್ದ: "ಯಾರೋ ಜೋಯಿಸ ಅವ್ವಗ ಫೋನ್ ಮಾಡಿ ನನಗ ನೀರಿನ ಗಂಡಾಂತರ ಐತಿ ಅಂದಾನಂತ. ಆಕಿ ಆಣಿ ಹಾಕ್ಯಾಳೋ ದೋಸ್ತ."

ಈಗ ದೇವರು ಬೇರೆ.

ಅಷ್ಟರಲ್ಲಿ ಒಳಗಿನಿಂದ ಹೂಂಕಾರ. ಮುನಿಯಕ್ಕ ಕೂದಲು ಕೆದರಿಕೊಂಡು ಬಂದಳು. ಕಣ್ಣುಗುಡ್ಡೆ ಮೇಲೆ, ಮೈಯೆಲ್ಲ ನಡುಕ, ಸೀರೆಗೆ ಮಾತ್ರ ಭದ್ರವಾದ ಕಚ್ಚೆ.

"ನೀರು! ಹತ್ತು ಗಂಟೆಯೊಳಗೆ ನನ್ನನ್ನ ಕೆರೆಗೆ ಬಿಡ್ರೋ!"

"ತಪ್ಪಾಯ್ತು ತಾಯೀ!" ಯಲ್ಲಯ್ಯನೇ ಮೊದಲ ಹೆಗಲು ಕೊಟ್ಟ. ಎಲ್ಲಿಂದಲೋ ತಮಟೆ ಬಂತು. ದೋಣಿ ಚರಂಡಿ ದಾಟಿತು, ಸಿಗ್ನಲ್ಲನ್ನೂ ದಾಟಿತು. ಹಾಯಿ, ಕಂಬ ಹೊತ್ತು ಮೌನೇಶ ಹಿಂದೆ ಓಡಿದ.

ಕೆರೆಯಲ್ಲಿ ದೋಣಿ ತೇಲಿತು. ಕಪಾಟಲ್ಲ, ಹಂಸ. ಅವನು ಕಂಬ ನೆಟ್ಟು ಹಾಯಿ ಏರಿಸುವ ಹೊತ್ತಿಗೆ ಮೈಕಿನಲ್ಲಿ ಕೂಗಿದರು: "ಇಬ್ಬರಿಲ್ಲದ ದೋಣಿ ಪಂದ್ಯಕ್ಕಿಲ್ಲ."

ದೋಣಿ ಗಡಗಡ ಅಲುಗಿತು. ತಿರುಗಿದರೆ, ಎದುರಂಚಿನಲ್ಲಿ ಮುನಿಯಕ್ಕ. ಕಚ್ಚೆ ಸೀರೆಯ ಮೇಲೆ ನಿಂಗರಾಜನ ಲೈಫ್ ಜಾಕೆಟ್. ಉಗುರುಸಂದಿಯಲ್ಲಿ ಅರಿಶಿನ. ನಡುಕ ಪೂರ್ತಿ ನಿಂತಿತ್ತು. ದಂಡೆಯಲ್ಲಿ ಯಲ್ಲಯ್ಯ ಇನ್ನೂ ಕೈಮುಗಿದುಕೊಂಡೇ ಇದ್ದ.

"ಅಕ್ಕಾ... ನಾಳಿ ಸೀಮಂತ?"

"ನಂಗೆ ತಂಗಿ ಎಲ್ಲಿ ಅವ್ಳೋ? ಗಾಳಿ ಬಂತು, ನಡಿ."

"ನಿಂಗರಾಜಗ ಏನ್ ಹೇಳ್ಲಿ?"

ಮುನಿಯಕ್ಕ ದೋಣಿಯಾಚೆಗೆ ಸೊಗಸಾಗಿ ವಾಲಿ, ಗಂಟಲು ದಪ್ಪ ಮಾಡಿಕೊಂಡು ಗಂಡುದನಿ ತೆಗೆದಳು: "ಅಮ್ಮಾ, ನಾನು ಜೋಯಿಸರು ಮಾತಾಡ್ತಿರೋದು. ನಿಮ್ಮ ಮಗನಿಗೆ ನೀರಿನ ಗಂಡಾಂತರ ಇದೆ!"